ಮಡಚಿಟ್ಟ ಸಮುದ್ರ

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಕೇಳದವರಿಗೂ ಹೇಳಿದ್ದೇನೆ. ತಂದೆಯ ಕಡೆ, ತಾಯಿಯ ಕಡೆ, ಎಷ್ಟು ತಲೆಮಾರು ಹಿಂದಕ್ಕೆ ಹೋದರೂ ಇಳಕಲ್ಲಿನ ಕುಣಿ ಮಗ್ಗವೇ ಸಿಗುತ್ತದೆ. ಅಪ್ಪ ಸಹಿ ಮಾಡುವಷ್ಟು ಕಲಿತಿದ್ದ. ಅವ್ವ ಅದನ್ನೂ ಕಲಿತಿರಲಿಲ್ಲ. ನಾನು ಪಿಯುಸಿಯಲ್ಲಿ ಇಂಗ್ಲಿಷಿಗೆ ಫೇಲಾಗಿ, ಇನ್ನೊಮ್ಮೆ ಕಟ್ಟಿ ಮತ್ತೆ ಫೇಲಾಗಿ, ಮದುವೆಯಾಗಿ, ಗಂಡನ ಜೊತೆ ಅಮೆರಿಕಕ್ಕೆ ಬಂದವಳು. ಇಂಗ್ಲಿಷಿಗೆ ಫೇಲಾದವಳು ಇಂಗ್ಲಿಷಿನ ದೇಶದಲ್ಲಿ ಇಂಗ್ಲಿಷಿನಲ್ಲೇ ಪರೀಕ್ಷೆ ಬರೆದು ಪಾಸಾದಳು ಅನ್ನುವಷ್ಟು ಕತೆಯಾಗಿದ್ದರೆ ಒಂದೇ ಪುಟಕ್ಕೆ ಮುಗಿಯುತ್ತಿತ್ತು. ಆದರೆ ಕೊನೆಯ ಕೋರ್ಸಿನಲ್ಲಿ ಆ ಡಿಗ್ರಿ ಕೈತಪ್ಪುವ ಹಂತಕ್ಕೆ ಬಂತು. ತಪ್ಪಿಸಲು ಬಂದದ್ದು ಒಂದು ಸಮುದ್ರ.

ತೊಂಬತ್ತರ ದಶಕದ ಕೊನೆಯ ಭಾಗ ಅದು. ನಾವು ಮೇರಿಲ್ಯಾಂಡಿನ ಜರ್ಮನ್‌ಟೌನಿನಲ್ಲಿ ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿದ್ದೆವು. ನಮ್ಮವರು ಹೆದ್ದಾರಿಯ ಪಕ್ಕದ ಒಂದು ಲ್ಯಾಬಿನಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರು. ಗ್ರೀನ್ ಕಾರ್ಡ್ ಬಂದ ಮೇಲೆ ನಾನು ಡ್ರೈಕ್ಲೀನಿಂಗ್ ಅಂಗಡಿಯೊಂದರಲ್ಲಿ ಬಟ್ಟೆ ಸರಿಪಡಿಸುವ ಕೆಲಸಕ್ಕೆ ಸೇರಿದೆ. ಪ್ಯಾಂಟಿನ ಅಂಚು ಮಡಚುವುದು, ಕೋಟಿನ ತೋಳು ಗಿಡ್ಡ ಮಾಡುವುದು, ಸೊಂಟ ಬಿಡಿಸುವುದು. ಸಂಜೆ ಕಾಲೇಜು. ಮೊದಲು ಪಿಯುಸಿಯನ್ನೂ ಕೇಳದೆ ಸೇರಿಸಿಕೊಳ್ಳುವ ಕಮ್ಯುನಿಟಿ ಕಾಲೇಜು, ಆಮೇಲೆ ವಿಶ್ವವಿದ್ಯಾಲಯದ ಸಂಜೆ ತರಗತಿ. ಒಂದು ಸೆಮಿಸ್ಟರಿಗೆ ಎರಡು ಕೋರ್ಸು, ಧೈರ್ಯ ಹೆಚ್ಚಾದರೆ ಮೂರು. ಹೀಗೆ ಎಂಟು ವರ್ಷ. ನಡುವೆ ಮಗಳು ಹುಟ್ಟಿ, ನಡೆದು, ಶಾಲೆಗೆ ಹೋಗಿ, ನನ್ನ ಉಚ್ಚಾರ ತಿದ್ದುವಷ್ಟು ದೊಡ್ಡವಳಾದಳು.

ನಾನು ಓದಿದ್ದು ಇತಿಹಾಸ. ಕೆಳಗಿನ ಮನೆಯಲ್ಲಿದ್ದ ಬೆಂಗಳೂರಿನಾಕೆಗೆ ಅದು ಕೊನೆಯವರೆಗೂ ಅರ್ಥವಾಗಲಿಲ್ಲ.

“ಅಲ್ಲಾ ರೀ, ಇಲ್ಲಿಗ್ ಬಂದು ಯಾರಾದ್ರೂ ಹಿಸ್ಟರಿ ಓದ್ತಾರಾ? ಕಂಪ್ಯೂಟರ್ ಕೋರ್ಸ್ ಜಾಯಿನ್ ಆಗಿ ಅಂತ ಎಷ್ಟ್ ಸಲ ಹೇಳಿದೀನಿ. ಆರ್ ತಿಂಗ್ಳಲ್ಲಿ ಜಾಬ್ ಸಿಗತ್ತೆ. ಸತ್ತೋಗಿರೋ ರಾಜರನ್ನ ಇಟ್ಕೊಂಡು ಏನ್ ಮಾಡ್ತೀರಾ?”

“ಹಗಲಿಗೆ ಪ್ಯಾಂಟು ಇದ್ದಾವಲ್ರಿ. ರಾಜರು ಸಂಜೀಕ ಅಷ್ಟ” ಎಂದು ನಾನು ನಗುತ್ತಿದ್ದೆ. ನಿಜವಾದ ಕಾರಣವನ್ನು ಆಕೆಗೆ ಹೇಳಲಿಲ್ಲ. ನನಗೆ ಶಾಲೆಯಲ್ಲಿ ಇಷ್ಟವಾಗಿದ್ದ ಪಾಠ ಅದೊಂದೇ.

ಆ ವರ್ಷ ಜನವರಿಯಲ್ಲಿ ಅವ್ವ ಬಂದಳು. ಆರು ತಿಂಗಳ ವೀಸಾ. ಜೂನ್ ಮೊದಲ ವಾರ ವಾಪಸ್ ಟಿಕೆಟ್ಟು. ಘಟಿಕೋತ್ಸವ ಮೇ ತಿಂಗಳಲ್ಲಿ. ಲೆಕ್ಕ ಹಾಕಿಯೇ ಕರೆಸಿದ್ದೆ. ಎಲ್ಲರೂ ಮದುವೆಗೆ ತಾಯಿಯನ್ನು ಕರೆಸುತ್ತಾರೆ, ಹೆರಿಗೆಗೆ ಕರೆಸುತ್ತಾರೆ. ನನ್ನ ಹೆರಿಗೆಗೆ ಅವ್ವನಿಗೆ ವೀಸಾ ಸಿಕ್ಕಿರಲಿಲ್ಲ. ಈ ಸಲ ಸಿಕ್ಕಿತ್ತು, ಇನ್ನೊಮ್ಮೆ ಸಿಗುತ್ತದೆ ಎಂಬ ಭರವಸೆ ಇರಲಿಲ್ಲ. ನಾನು ಗೌನು ತೊಟ್ಟು ವೇದಿಕೆ ಹತ್ತುವುದನ್ನು ಅವ್ವ ನೋಡಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ, ಮತ್ತೇನಿಲ್ಲ.

ಬಂದ ಹದಿನೈದು ದಿನಕ್ಕೆ ಅವ್ವನನ್ನು ಷಾರ್ಲೆಟ್‌ಗೆ ಕರೆದೊಯ್ದೆವು. ಅಲ್ಲಿ ನಮ್ಮವರ ಅಣ್ಣ ಇದ್ದರು. ನಾನು ಊರಿಗೆ ಬರೆಯುವ ಪತ್ರಗಳಲ್ಲಿ ಯಾವಾಗಲೂ “ಭಾವನವರು ಹತ್ತಿರವೇ ಇದ್ದಾರೆ, ಚಿಂತೆ ಮಾಡಬೇಡಿ” ಎಂದು ಬರೆದಿದ್ದೆ. ಯಾರೋ ಆ ಪತ್ರಗಳನ್ನು ಅವ್ವನಿಗೆ ಓದಿ ಹೇಳಿದ್ದರು. ಅವಳು ಅದನ್ನು ಇಳಕಲ್ಲಿನಿಂದ ಹುನಗುಂದಕ್ಕೆ ಹೋದ ಹಾಗೆ ಅಂದುಕೊಂಡಿದ್ದಳು. ವರ್ಜೀನಿಯಾ ದಾಟಿ ಕ್ಯಾರೊಲೈನಾ ಮುಟ್ಟುವ ಹೊತ್ತಿಗೆ ಆರನೇ ಸಲ ಕೇಳಿದಳು.

“ಇನ್ನಾ ಎಷ್ಟ ದೂರ ಬೇ?”

“ಬಂತವ್ವಾ, ಹತ್ರ ಬಂತು.”

“ನೀ ಹತ್ರ ಹತ್ರ ಅಂದು ನನ್ನ ವಿಜಾಪುರ ದಾಟಿಸಿ, ಸೊಲ್ಲಾಪುರ ದಾಟಿಸಿ, ಪುಣೇಕ ತಂದಿ” ಎಂದಳು. ಕಾರು ಓಡಿಸುತ್ತಿದ್ದ ನಮ್ಮವರು, “ಅತ್ತೀ, ನಿಮ್ಮ ಮಗಳ ಹತ್ರಕ್ಕ ನಾನೂ ಹಿಂಗ ಮೋಸ ಹೋದವನ” ಎಂದು ಸ್ಟಿಯರಿಂಗ್ ತಟ್ಟಿ ನಕ್ಕರು. ನಾನೂ ನಕ್ಕೆ. ಆ ನಗುವಿನಲ್ಲಿ ನಾನು ಮುಂದೆ ಬರೆಯಬೇಕಿದ್ದ ಪ್ರಬಂಧಕ್ಕೆ ಬೇಕಾದ ಮಾತು ಇತ್ತು ಎಂದು ಆಗ ಗೊತ್ತಾಗಲಿಲ್ಲ.

ಕೊನೆಯ ಕೋರ್ಸು ಒಂದು ಸೆಮಿನಾರು. ಒಂದೇ ದೊಡ್ಡ ಪ್ರಬಂಧ ಬರೆದು, ತರಗತಿಯ ಮುಂದೆ ನಿಂತು ಮಂಡಿಸಬೇಕು. ಪ್ರೊಫೆಸರು ಅರವತ್ತು ದಾಟಿದ ಹೆಂಗಸು, ಬಿಳಿ ಕೂದಲನ್ನು ಗಂಡಸರಂತೆ ಕತ್ತರಿಸಿಕೊಂಡಿದ್ದರು, ಮಾತು ನೇರ. ವಿಷಯಗಳ ಪಟ್ಟಿಯನ್ನು ಮೇಜಿನ ಸುತ್ತ ಹಾಯಿಸಿದರು. ಬಸ್ಸಿನಿಂದಾಗಿ ನಾನು ತಡವಾಗಿ ಹೋಗಿದ್ದೆ, ಪಟ್ಟಿ ನನ್ನ ಕೈಗೆ ಕೊನೆಗೆ ಬಂತು. ಉಳಿದಿದ್ದದ್ದು ಒಂದು: ಹದಿನಾರನೇ ಶತಮಾನದಲ್ಲಿ ಸ್ಪೇನಿನ ಪಂಡಿತರೂ ರಾಯಭಾರಿಗಳೂ ದೂರದ ಪೆಸಿಫಿಕ್ ಸಾಗರವನ್ನು ಹೇಗೆ ಕಲ್ಪಿಸಿಕೊಂಡಿದ್ದರು. ಯಾರಿಗೂ ಬೇಡವಾದ ವಿಷಯ. ವಿವರಣೆಯಲ್ಲಿ ಲವಂಗ ಎಂಬ ಮಾತು ಕಂಡಿತು. ಲವಂಗ ನನಗೆ ಗೊತ್ತಿದೆ ಎಂದು ಹೆಸರು ಬರೆದೆ.

ಓದುತ್ತಾ ಹೋದ ಹಾಗೆ ಅದು ಊರ ಹೊಲದ ಬದುವಿನ ಜಗಳದಂತೆ ಕಂಡಿತು. ಅವ್ವನಿಗೆ ಹೇಳಬೇಕೆಂದು ಅಡಿಗೆಮನೆಯಲ್ಲಿ ಒಂದು ಕಿತ್ತಳೆ ಹಣ್ಣು ಕೈಗೆತ್ತಿಕೊಂಡೆ.

“ಇದು ಭೂಮಿ ಅಂತ ತಿಳ್ಕೋಬೇ. ಸ್ಪೇನಿನ ರಾಜಾ ಒಬ್ಬಾಂವ, ಪೋರ್ಚುಗಲ್ಲಿನ ರಾಜಾ ಒಬ್ಬಾಂವ. ಇಬ್ರೂ ಕೂಡಿ ಹಿಂಗ ಮ್ಯಾಲಿಂದ ಕೆಳಗ ಒಂದು ಗೆರಿ ಹಾಕಿದ್ರು. ಈ ಕಡೆ ನಂದು, ಆ ಕಡೆ ನಿಂದು.”

“ಮುಂದ?”

“ಗೆರಿ ಹಣ್ಣಿನ ಹಿಂದ ಎಲ್ಲಿ ಬರ್ತೈತಿ ಅಂತ ಯಾರಿಗೂ ಗೊತ್ತಿಲ್ಲ. ಹಿಂದ ಬರೇ ನೀರು. ಆ ನೀರಿನ್ಯಾಗ ಎಲ್ಲೋ ಲವಂಗ ಬೆಳಿಯೂ ದ್ವೀಪ ಅದಾವು. ನೀರು ಸಣ್ಣದಿದ್ರ ದ್ವೀಪ ಗೆರಿ ಈ ಕಡೆ ಸರದು ಸ್ಪೇನಿಗೆ ಬರ್ತಾವು. ನೀರು ದೊಡ್ಡದಿದ್ರ ಪೋರ್ಚುಗಲ್ಲಿಗೆ ಹೋಗ್ತಾವು. ಅದಕ್ಕ ಇವರು ಸಣ್ಣದು ಅಂತಾರ, ಅವರು ದೊಡ್ಡದು ಅಂತಾರ. ಎರಡೂ ಕಡೆ ಹಿರ್ಯಾರು ನಕಾಶಿ ಹಿಡಕೊಂಡು ತಿಂಗಳಗಟ್ಲೆ ಕುಂತ್ರು.”

ಅವ್ವ ಹಣ್ಣನ್ನು ನನ್ನ ಕೈಯಿಂದ ತೆಗೆದುಕೊಂಡು ಸುಲಿಯತೊಡಗಿದಳು. “ಲವಂಗ ಬೆಳಿಯೂ ಮಂದೀನ ಕೇಳಿದ್ರೇನು?”

“ಇಲ್ಲ.”

“ಮತ್ತ ಪಂಚಾಯ್ತಿ ಯಾತರದು ಅದು?” ಎಂದು ನನಗೊಂದು ತೊಳೆ ಕೊಟ್ಟು, ಮೊಮ್ಮಗಳಿಗೆ ಎರಡು ಕೊಟ್ಟಳು.

“ಅಜ್ಜಿ, ಯೂ ಆರ್ ಈಟಿಂಗ್ ದಿ ಅರ್ತ್” ಎಂದಳು ಮಗಳು. ಅವ್ವನಿಗೆ ಅರ್ಥವಾಗಲಿಲ್ಲ, ಆದರೂ ನಕ್ಕಳು. ಅವರಿಬ್ಬರ ಸಂಭಾಷಣೆ ಅವ್ವ ಇದ್ದಷ್ಟು ದಿನವೂ ಹೀಗೆಯೇ ನಡೆಯಿತು.

ಫೆಬ್ರವರಿಯ ಒಂದು ಶನಿವಾರ ಬಸ್ಸು ಹಿಡಿದು, ಶೇಡಿ ಗ್ರೋವ್‌ನಲ್ಲಿ ಮೆಟ್ರೊ ಹತ್ತಿ, ವಾಷಿಂಗ್ಟನ್ನಿನ ಒಂದು ದೊಡ್ಡ ಗ್ರಂಥಾಲಯದ ಭೂಪಟ ವಿಭಾಗಕ್ಕೆ ಹೋದೆ. ನಾನು ಕೇಳಿದ್ದು ಸ್ಪೇನಿನ ಆಸ್ಥಾನಕ್ಕಾಗಿ ಬರೆದ ಭೂಪಟವೊಂದರ ಮುದ್ರಿತ ಪ್ರತಿ. ಮೇಜಿನ ತುಂಬ ಹಾಸಿದರು. ನನ್ನ ವಿಷಯವಾದ ಪೆಸಿಫಿಕ್‌ಗೆ ಅದರಲ್ಲಿ ದಕ್ಷಿಣದ ಸಮುದ್ರ ಎಂದು ಹೆಸರು. ಪನಾಮಾದ ಗುಡ್ಡ ಹತ್ತಿ ಮೊದಲ ಸಲ ನೋಡಿದವರಿಗೆ ಅದು ದಕ್ಷಿಣ ದಿಕ್ಕಿಗೆ ಕಂಡಿತ್ತು, ಅಷ್ಟಕ್ಕೆ ಆ ಹೆಸರು ನಿಂತಿತು. ಕಂಡಷ್ಟನ್ನೇ ಪೂರ್ತಿ ಅಂದುಕೊಳ್ಳುವುದು ಅಲ್ಲಿಂದಲೇ ಶುರು.

ನಕಲು ಯಂತ್ರದ ಗಾಜು ಚಿಕ್ಕದು, ಭೂಪಟ ದೊಡ್ಡದು. ಆರು ಭಾಗವಾಗಿ ನಕಲು ತೆಗೆದುಕೊಂಡು, ಸುರುಳಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದೆ. ಮರುದಿನ ಇಸ್ತ್ರಿ ಮೇಜಿನ ಮೇಲೆ ಹಾಸಿ ಅಂಟಿಸಿದೆ. ಈ ಕೆಲಸ ನನಗೆ ನೀರು ಕುಡಿದಷ್ಟು ಸಲೀಸು. ಪಟ್ಟೆ ಬಟ್ಟೆ ಜೋಡಿಸುವಾಗ ಪಟ್ಟೆಗೆ ಪಟ್ಟೆ ಕೂಡಬೇಕು, ಹೂವಿಗೆ ಹೂವು ಕೂಡಬೇಕು, ಖಾಲಿ ಬಟ್ಟೆ ಒಳಗೆ ಮಡಚಿ ಹೋಗಬೇಕು, ಜೋಡಣೆ ಕಾಣಬಾರದು. ಹಾಗೆಯೇ ಮಾಡಿದೆ. ನದಿಗೆ ನದಿ ಕೂಡಿಸಿದೆ, ದಂಡೆಗೆ ದಂಡೆ ಕೂಡಿಸಿದೆ. ಭೂಪಟ ಇಸ್ತ್ರಿ ಮೇಜಿನ ಉದ್ದಕ್ಕೆ ಸರಿಯಾಗಿ ಕೂತಿತು. ಚಂದ ಕಂಡಿತು.

ಆಮೇಲೆ ನೂಲು ತೆಗೆದುಕೊಂಡು ಅಳೆದೆ. ಸ್ಪೇನಿನಿಂದ ಮೆಕ್ಸಿಕೋವರೆಗೆ ಒಂದು ನೂಲು. ಮೆಕ್ಸಿಕೋದಿಂದ ಲವಂಗದ ದ್ವೀಪಗಳವರೆಗೆ ಇನ್ನೊಂದು. ಎರಡನೆಯದು ಗಿಡ್ಡ. ಭೂಮಿಯ ಮೇಲಿನ ಅತಿ ದೊಡ್ಡ ಸಮುದ್ರ ಅವರ ಕಾಗದದ ಮೇಲೆ ಅಟ್ಲಾಂಟಿಕ್‌ಗಿಂತ ಚಿಕ್ಕದು! ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಕಳ್ಳರನ್ನು ಕೈಯಾರೆ ಹಿಡಿದಂತಾಯಿತು. ಪ್ರಬಂಧಕ್ಕೆ ‘ಸ್ಪೇನಿನ ಸುಳ್ಳು’ ಎಂದೇ ತಲೆಬರಹ ಕೊಟ್ಟೆ. ಆ ಸಮುದ್ರ ದಾಟಿದ ನಾವಿಕರು ಮೂರು ತಿಂಗಳಿಗೂ ಮೀರಿ ಹೊಸ ಆಹಾರ ಕಾಣದೆ, ಹಡಗಿನ ಚರ್ಮ ನೆನೆಸಿ ತಿಂದು ಬದುಕಿ ಬಂದಿದ್ದರು. ಅವರ ಹೊಟ್ಟೆಗೆ ಗೊತ್ತಿದ್ದ ಅಗಲವನ್ನು ಊರಲ್ಲಿ ಕೂತ ಪಂಡಿತರು ಬೇಕೆಂತಲೇ ಮುಚ್ಚಿಟ್ಟರು ಎಂದು ಬರೆದೆ. ನನ್ನ ನೂಲಿನ ಅಳತೆಯೇ ಸಾಕ್ಷಿ.

ಏಪ್ರಿಲ್ ಮೊದಲಲ್ಲಿ ಪ್ರೊಫೆಸರು ಕರಡನ್ನು ವಾಪಸು ಕೊಟ್ಟರು. ಅವರ ಕೋಣೆಯಲ್ಲಿ ನಾವಿಬ್ಬರೇ.

“ನಿಮ್ಮ ಅಳತೆ ನನ್ನ ಅಳತೆಗೆ ಹೊಂದುತ್ತಿಲ್ಲ” ಎಂದರು. ಅದೇ ಭೂಪಟ ಅವರ ಹತ್ತಿರದ ಒಂದು ಪುಸ್ತಕದಲ್ಲಿತ್ತು. “ಅವರು ಸಮುದ್ರವನ್ನು ಚಿಕ್ಕದು ಮಾಡಿದ್ದಾರೆ, ನಿಜ. ಆದರೆ ನಿಮ್ಮ ಸಮುದ್ರ ಅವರದಕ್ಕಿಂತಲೂ ಬಹಳ ಚಿಕ್ಕದು. ನೀವು ಅವರನ್ನು ಸುಳ್ಳರು ಎಂದಿದ್ದೀರಿ. ಹಾಗಾದರೆ ಇದನ್ನು ಏನೆನ್ನಬೇಕು?”

“ನಾನೇ ಅಳೆದೆ. ಎರಡು ಸಲ.”

“ಮೂರನೇ ಸಲ ಅಳೆಯಿರಿ. ಮಂಡನೆಗೆ ಇನ್ನು ಮೂರು ವಾರ ಇದೆ. ಈ ತೊಡಕು ಬಿಡಿಸದೆ ನಾನು ಪಾಸು ಮಾಡಲಾರೆ. ಆಗದಿದ್ದರೆ ಅಪೂರ್ಣ ಎಂದು ಬರೆದು ಕೊಡುತ್ತೇನೆ, ಬೇಸಿಗೆಯಲ್ಲಿ ಮುಗಿಸಿ. ಡಿಸೆಂಬರಿನಲ್ಲಿ ಡಿಗ್ರಿ ಸಿಗುತ್ತದೆ.”

ಬಸ್ಸಿನಲ್ಲಿ ಕೂತು ಕರಡನ್ನು ಮತ್ತೆ ತೆರೆದೆ. ನಾನು ಲೆಕ್ಕ ಸೃಷ್ಟಿ ಮಾಡಿದೆ ಎಂದು ಆಕೆ ಅಂದುಕೊಂಡರೆ? ಎಂಟು ವರ್ಷದಲ್ಲಿ ನಾನು ಒಂದು ಸಾಲನ್ನೂ ಕದ್ದವಳಲ್ಲ. ಕೋಟಿನ ಜೇಬಿನಲ್ಲಿ ಉಳಿದ ಚಿಲ್ಲರೆಯನ್ನೂ ಗಿರಾಕಿಗೆ ವಾಪಸು ಕೊಟ್ಟವಳು.

ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ, ನಮ್ಮವರು ಸಮಾಧಾನ ಮಾಡಲು ನೋಡಿದರು. “ಡಿಸೆಂಬರ್‌ದಾಗ ಮುಗಸು, ಏನಾತೀಗ? ಎಂಟು ವರ್ಷ ಕಾದಾಕಿ ಇನ್ನ ಎಂಟು ತಿಂಗಳು ಕಾಯಾಕ ಆಗಂಗಿಲ್ಲೇನು?”

“ಜೂನ್‌ದಾಗ ಅವ್ವ ಹೋಗ್ತಾಳಲ್ರಿ.”

ಅವರು ತಟ್ಟೆ ತೊಳೆಯಲು ಎದ್ದರು. ಅವ್ವ ಒಳಕೋಣೆಯಲ್ಲಿ ಮೊಮ್ಮಗಳ ಜಡೆ ಹಾಕುತ್ತಿದ್ದಳು. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ.

ಆ ವಾರ ಮೂರನೇ ಸಲ ಅಳೆದೆ. ನೂಲು ಬದಲಿಸಿ ಅಳೆದೆ. ಮಗಳು ಶಾಲೆಯ ಸ್ಕೇಲು ತಂದು ಅಳೆದು, “ಅಮ್ಮ, ಸೇಮ್ ನಂಬರ್. ಯೂ ಆರ್ ರೈಟ್” ಎಂದು ಬೆನ್ನು ತಟ್ಟಿದಳು. ನಾನು ಸರಿಯಿದ್ದೆ. ಅದೇ ತೊಂದರೆ. ನಕಲು ಯಂತ್ರ ಚಿಕ್ಕದು ಮಾಡಿತೇ ಎಂದರೆ, ಆರೂ ಹಾಳೆ ಒಂದೇ ಅಳತೆಯವು. ಪ್ರೊಫೆಸರ ಪುಸ್ತಕವೇ ತಪ್ಪು ಎಂದು ಒಂದು ದಿನ ನಂಬಿದೆ. ಮರುದಿನ ನಂಬಲಾಗಲಿಲ್ಲ.

ಭಾನುವಾರ ಮಧ್ಯಾಹ್ನ ಭೂಪಟ ಇಸ್ತ್ರಿ ಮೇಜಿನ ಮೇಲೆ ಹಾಸಿಯೇ ಇತ್ತು. ಇಸ್ತ್ರಿ ಮಾಡಬೇಕಾದ ಅಂಗಿಗಳು ಕುರ್ಚಿಯ ಮೇಲೆ ಗುಡ್ಡೆಯಾಗಿದ್ದವು. ಅವ್ವ ಬಂದು ನಿಂತಳು. ಅವಳಿಗೆ ಅದರ ಮೇಲಿನ ಒಂದಕ್ಷರವೂ ಬರುವುದಿಲ್ಲ. ಬಟ್ಟೆ ನೋಡುವ ಹಾಗೆ ನೋಡಿದಳು. ಎಂದರೆ ಕಣ್ಣಿನಿಂದಲ್ಲ. ಹೆಬ್ಬೆರಳನ್ನು ಒತ್ತಿ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಎಳೆದುಕೊಂಡು ಹೋದಳು. ನಮ್ಮ ಕಡೆ ಸೀರೆಗೆ ಮೈಯ ಹಾಸು, ಅಂದರೆ ಉದ್ದೆಳೆ, ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಎರಡನ್ನೂ ಎಳೆಗೆ ಎಳೆ ಕೊಕ್ಕೆ ಹಾಕಿ ಕೂಡಿಸುತ್ತಾರೆ. ನಲವತ್ತು ವರ್ಷ ಅವ್ವ ಅದನ್ನು ಮಾಡಿದ್ದಳು. ಜೋಡಣೆ ಎಲ್ಲಿದೆ ಎಂದು ಅವಳ ಹೆಬ್ಬೆರಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬೆರಳು ಒಂದು ಕಡೆ ನಿಂತಿತು.

“ಇಲ್ಲಿ ದಪ್ಪ ಆಗೇತಿ.”

“ಜೋಡಿಸೀನಲ್ಲಬೇ. ದಪ್ಪ ಇರೂದ.”

“ಆ ಕಡೀದೂ ಜೋಡಿಸೀದಿ. ಅದು ಒಂದ ಬಟ್ಟು ಐತಿ. ಇದು ನಾಕ ಬಟ್ಟು ಐತಿ.” ನಾಲ್ಕು ಬೆರಳು ಕೂಡಿಸಿಟ್ಟು ತೋರಿಸಿ, ಭೂಪಟವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ನೆಲದ ಭಾಗದಲ್ಲಿ ಜೋಡಣೆಗಳು ತೆಳು ಗೆರೆಯಂತೆ ಕಂಡವು. ಸಮುದ್ರದ ಭಾಗದಲ್ಲಿ ಎರಡು ಕಡೆ ಅಗಲವಾದ ಕಪ್ಪು ಪಟ್ಟಿ. “ಎಷ್ಟ ಅರಿವಿ ತಿಂದೀ ಇದರಾಗ?” ಎಂದಳು. ಹೊಲಿಗೆಯೊಳಗೆ ಬಟ್ಟೆ ಹಾಳುಮಾಡಿದ ಹುಡುಗಿಯರಿಗೆ ನಮ್ಮ ಓಣಿಯಲ್ಲಿ ಬೈಯುವ ಮಾತು ಅದು. ನಾನು ಎಂಟು ವರ್ಷದವಳಿದ್ದಾಗಿನಿಂದ ಕೇಳಿಸಿಕೊಂಡ ಮಾತು.

ಏನಾಗಿತ್ತು ಎಂದು ಅಷ್ಟೊತ್ತಿಗೆ ಕಣ್ಣಿಗೆ ಕಟ್ಟಿತ್ತು. ನಕಲು ತೆಗೆಯುವಾಗ ಅಂಚುಗಳು ತಪ್ಪಿಹೋಗಬಾರದೆಂದು ಹಾಳೆಯಿಂದ ಹಾಳೆಗೆ ಸ್ವಲ್ಪ ಭಾಗ ಎರಡು ಸಲ ಬರುವಂತೆ ತೆಗೆದಿದ್ದೆ. ಜೋಡಿಸುವಾಗ ಆ ಎರಡನೇ ಸಲ ಬಂದದ್ದನ್ನು ಒಳಗೆ ಮಡಚಬೇಕು. ನೆಲದ ಮೇಲೆ ಇದು ಸುಲಭ: ನದಿ ಎಲ್ಲಿ ಎರಡಾಯಿತು, ಊರು ಎಲ್ಲಿ ಎರಡಾಯಿತು ಎಂದು ಕಾಣುತ್ತದೆ. ಸಮುದ್ರದ ಮೇಲೆ ಏನೂ ಇಲ್ಲ. ಬಿಳಿ, ನಡುವೆ ಒಂದು ಅಡ್ಡಗೆರೆ. ಗೆರೆಗೆ ಗೆರೆ ಕೂಡಿತು, ನಾನು ಮಡಚಿದೆ. ಎಷ್ಟು ಮಡಚಿದರೂ ಗೆರೆ ಕೂಡುತ್ತಿತ್ತು. ಸಾಕು ಎನ್ನುವ ಗುರುತು ಅಲ್ಲಿರಲಿಲ್ಲ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಭೂಪಟ ಇಸ್ತ್ರಿ ಮೇಜಿಗೆ ಸರಿಯಾಗಿ ಕೂತಿತಲ್ಲ, ಅದು ತಾನಾಗಿ ಕೂತದ್ದಲ್ಲ. ಕೂರುವವರೆಗೆ ನಾನು ಮಡಚಿದ್ದೆ. ಅಳೆದಾಗ ಸಮುದ್ರ ಚಿಕ್ಕದು ಬಂತು. ಅದು ಚಿಕ್ಕದಾದಷ್ಟೂ ನನ್ನ ವಾದ ಗಟ್ಟಿಯಾಗುತ್ತಿತ್ತು. ಆದ್ದರಿಂದ ಅಳತೆಯನ್ನು ಎರಡು ಸಲ ನೋಡಿದೆನೇ ಹೊರತು ಜೋಡಣೆಯನ್ನು ಒಂದು ಸಲವೂ ನೋಡಲಿಲ್ಲ.

ಇಸ್ತ್ರಿಪೆಟ್ಟಿಗೆಗೆ ನೀರು ಹಾಕಿ ಬಿಸಿ ಮಾಡಿದೆ. ಅಂಗಡಿಯಲ್ಲಿ ಹಳೆಯ ಅಂಟು ಬಿಡಿಸುವುದು ಹಾಗೆಯೇ, ಆವಿ ಹಿಡಿದು. ಅವ್ವ ಒಂದು ತುದಿ ಹಿಡಿದಳು, ನಾನು ಇನ್ನೊಂದು. ಅಂಟು ಮೆತ್ತಗಾಗಿ ಮಡಿಕೆ ಬಿಚ್ಚಿತು. ಒಳಗೆ ಏನೂ ಇರಲಿಲ್ಲ. ಹಡಗು ಇಲ್ಲ, ಮೀನು ಇಲ್ಲ, ಒಂದಕ್ಷರ ಇಲ್ಲ. ಬರೀ ಬಿಳಿ. ಆ ಬಿಳಿ ಮಾತ್ರ ಮೇಜಿನ ಅಂಚು ದಾಟಿ ಕೆಳಗೆ ಜೋತುಬಿತ್ತು.

“ಇಷ್ಟ ನೀರು ಒಳಗ ಇಟಗೊಂಡು ಊರ ಮಂದಿ ಸುಳ್ಳರು ಅಂತ ಬರದೀಯೇನು?” ಎಂದಳು ಅವ್ವ. ಪ್ರಬಂಧದಲ್ಲಿ ಏನು ಬರೆದಿದ್ದೆ ಎಂದು ಅವಳಿಗೆ ಹೇಗೋ ಗೊತ್ತಾಗಿತ್ತು. ಒಳಕೋಣೆಗೆ ಕೇಳಿಸಿತ್ತು ಅಂತಾಯಿತು.

“ಅವರೂ ಹಿಂಗ ಮಾಡಿರಬೇಕವ್ವಾ” ಎಂದೆ. ಹೇಳುವಾಗಲೇ ಅದು ನನಗೆ ಹೊಳೆದದ್ದು.

ಪ್ರೊಫೆಸರ ಪುಸ್ತಕ ನೋಡಿ ಸಮುದ್ರದ ಅಳತೆ ಸರಿಮಾಡಿಕೊಂಡು, ಇಡೀ ಪ್ರಬಂಧವನ್ನು ಮತ್ತೆ ಬರೆದೆ. ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಎರಡು ಗಂಟೆ, ಮಧ್ಯಾಹ್ನ ಊಟದ ಬಿಡುವಿನಲ್ಲಿ ಅರ್ಧ ಗಂಟೆ. ಆ ಎರಡು ವಾರ ಅಡಿಗೆ ಪೂರ್ತಿ ಅವ್ವನದು. ಮಗಳು ನಾನು ಬಿಟ್ಟ ಇಂಗ್ಲಿಷಿನ ಸಣ್ಣಪುಟ್ಟ ಪದಗಳನ್ನೆಲ್ಲ ಪೆನ್ಸಿಲಿನಿಂದ ತುಂಬಿಸಿಕೊಟ್ಟಳು, ಒಂದು ಪುಟಕ್ಕೆ ಒಂದು ಚಾಕೊಲೇಟಿನ ಕರಾರಿನಲ್ಲಿ. ಹೊಸದಾಗಿ ಬರೆದದ್ದು ಹೀಗೆ: ಆ ಕಾಲದಲ್ಲಿ ಪೂರ್ವ ಪಶ್ಚಿಮದ ದೂರವನ್ನು ಕಡಲಿನ ಮೇಲೆ ಸರಿಯಾಗಿ ಅಳೆಯುವ ಉಪಾಯ ಯಾರಿಗೂ ಇರಲಿಲ್ಲ. ಸ್ಪೇನಿನ ಪಂಡಿತರಿಗೆ ಗೊತ್ತಿದ್ದದ್ದು ಎರಡು ದಂಡೆ, ಈ ಕಡೆ ಮೆಕ್ಸಿಕೋ, ಆ ಕಡೆ ಲವಂಗದ ದ್ವೀಪ. ಗೊತ್ತಿದ್ದದ್ದನ್ನು ಗೊತ್ತಿದ್ದದ್ದಕ್ಕೆ ಜೋಡಿಸಿದರು. ನಡುವಿನ ನೀರಿನಲ್ಲಿ ಸಾಕು ಎನ್ನುವ ಗುರುತಿರಲಿಲ್ಲ. ರಾಜನ ಮೇಜಿಗೆ ಸರಿಯಾಗಿ ಕೂರುವವರೆಗೆ ಮಡಚಿದರು. ರಾಯಭಾರಿಗಳು ಆ ಕಾಗದ ಹಿಡಿದು ಮಾತಿಗೆ ಕೂತರು. ಕೂತವರಲ್ಲಿ ಕೆಲವರಿಗೆ ಮಡಿಕೆ ಗೊತ್ತಿತ್ತು, ಕೆಲವರಿಗೆ ಇರಲಿಲ್ಲ. ಬೇಕಾದ ಅಳತೆ ಸಿಕ್ಕ ಮೇಲೆ ಯಾರೂ ಜೋಡಣೆ ಮುಟ್ಟಿ ನೋಡಲಿಲ್ಲ.

ಷಾರ್ಲೆಟ್ ನೆನಪಾದದ್ದು ಆಗಲೇ. ಹತ್ತಿರವೇ ಇದ್ದಾರೆ ಎಂದು ನಾನು ಬರೆದದ್ದು ಸುಳ್ಳು ಹೇಳಬೇಕೆಂದಲ್ಲ. ಅವ್ವನಿಗೆ ನಿದ್ದೆ ಬರಲಿ ಎಂದು. ನನಗೂ ಬರಲಿ ಎಂದು. ಅದನ್ನು ಪ್ರಬಂಧದಲ್ಲಿ ಹಾಕಲಿಲ್ಲ. ಹಾಕಬೇಕಿತ್ತೇನೋ ಎಂದು ಈಗ ಅನಿಸುತ್ತದೆ.

ಮಂಡನೆಯ ದಿನ ಅಂಟಿಸಿದ ಭೂಪಟವನ್ನು ಮತ್ತೆ ಮೊದಲಿನಂತೆಯೇ ಮಡಚಿ, ನಾಲ್ಕು ದಾರದ ಹೊಲಿಗೆ ಹಾಕಿ ತೆಗೆದುಕೊಂಡು ಹೋದೆ. ಹನ್ನೆರಡು ಮಂದಿ, ಎಲ್ಲರೂ ನನಗಿಂತ ಹತ್ತು ಹದಿನೈದು ವರ್ಷ ಚಿಕ್ಕವರು. ಮೇಜಿನ ಮೇಲೆ ಹಾಸಿ, ಇಬ್ಬರನ್ನು ಕರೆದು ನೂಲು ಕೊಟ್ಟು ಅಳೆಯಲು ಹೇಳಿದೆ. ಅಳೆದರು. ಸಮುದ್ರ ಚಿಕ್ಕದು ಎಂದರು. “ನಾನೂ ಹಾಗೆಯೇ ಬರೆದಿದ್ದೆ, ನನ್ನ ಪ್ರೊಫೆಸರು ನನ್ನನ್ನು ಹೊರಗೆ ಹಾಕುವುದರಲ್ಲಿದ್ದರು” ಎಂದೆ. ಎಲ್ಲರೂ ನಕ್ಕರು, ಆಕೆಯೂ. ಆಮೇಲೆ ಚೀಲದಿಂದ ಅಂಗಡಿಯ ಕತ್ತರಿ ತೆಗೆದು ದಾರ ಕತ್ತರಿಸಿದೆ. ಎರಡೂ ಕಡೆ ಹಿಡಿದು ಎಳೆಯಲು ಹೇಳಿದೆ. ನೀರು ಹೊರಗೆ ಬಂತು. ಒಬ್ಬ ಹುಡುಗಿ ಒಂದು ಹೆಜ್ಜೆ ಹಿಂದಕ್ಕೆ ಸರಿದು ಬಾಗಿಲಿಗೆ ತಾಗಿದಳು.

ನನ್ನ ಇಂಗ್ಲಿಷು ಆವತ್ತು ಎರಡು ಕಡೆ ತೊದಲಿತು. ಲೆಕ್ಕಕ್ಕೆ ಇಡಲಿಲ್ಲ.

ಕೊನೆಗೆ ಪ್ರೊಫೆಸರು ಕೇಳಿದರು: “ಹಾಗಾದರೆ ನೀವು ಅವರನ್ನು ಕ್ಷಮಿಸಿದಿರಾ?”

ಕಿತ್ತಳೆ ಹಣ್ಣು ನೆನಪಾಯಿತು.

“ಇಲ್ಲ. ಮಡಚಿದ್ದು ಹೇಗೆ ಎಂದು ಅರ್ಥವಾಯಿತು, ಅಷ್ಟೇ. ನಾನು ಮಡಚಿದ್ದರಿಂದ ಯಾರ ದ್ವೀಪವೂ ಹೋಗಲಿಲ್ಲ. ಅವರು ಮಡಚಿದ್ದರಿಂದ ಹೋಯಿತು. ಮನೆಯಲ್ಲಿ ನನ್ನ ತಾಯಿ ಒಂದು ಮಾತು ಕೇಳಿದಳು: ಲವಂಗ ಬೆಳೆಯುವವರನ್ನು ಯಾರಾದರೂ ಕೇಳಿದರಾ ಎಂದು. ಅವರ ಬಳಿ ದೋಣಿಗಳಿದ್ದವು. ಆ ನೀರಿನ ಮೇಲೆ ದಿನಾ ಓಡಾಡುತ್ತಿದ್ದವರು ಅವರು. ಇಡೀ ಪಂಚಾಯಿತಿಯಲ್ಲಿ ಅವರಿಗೊಂದು ಕುರ್ಚಿ ಇರಲಿಲ್ಲ.”

“ನಿಮ್ಮ ತಾಯಿ ಏನು ಓದಿದ್ದಾರೆ?” ಎಂದು ಕೇಳಿದರು.

“ಏನೂ ಓದಿಲ್ಲ. ನೇಯ್ಗೆಯವಳು. ಈ ತಪ್ಪು ಹಿಡಿದವಳೂ ಅವಳೇ.”

ಆಕೆ ಕನ್ನಡಕ ತೆಗೆದು, ಮೇಜಿನ ಮೇಲೆ ಹರಡಿದ್ದ ಜೋಡಣೆಯ ಮೇಲೆ ತಮ್ಮ ಹೆಬ್ಬೆರಳು ಎಳೆದು ನೋಡಿದರು. ಗೊತ್ತಾಯಿತು ಎಂಬಂತೆ ತಲೆಯಾಡಿಸಿದರು. ಅಂಕಪಟ್ಟಿಯಲ್ಲಿ ಎ ಮೈನಸ್ ಬಂತು. ಆ ಮೈನಸ್ ಯಾಕೆ ಎಂದು ಕೇಳಲು ಹೋಗಿದ್ದೆ. ನಾನು ಬಿಡುವ ಪೈಕಿಯವಳಲ್ಲ. ಅಡಿಟಿಪ್ಪಣಿಗಳ ಕ್ರಮ ಸರಿಯಿಲ್ಲ ಎಂದರು. ಒಪ್ಪಿಕೊಂಡೆ.

ಬಾಡಿಗೆಯ ಗೌನು ನನಗಿಂತ ಅರ್ಧ ಮೊಳ ಉದ್ದವಿತ್ತು. ಅಂಗಡಿಯಲ್ಲಿ ಊರವರ ಪ್ಯಾಂಟಿಗೆಲ್ಲ ಅಂಚು ಹಾಕಿದವಳು ಸ್ವಂತ ಗೌನಿಗೆ ಅಂಚು ಹಾಕಲು ಕೂತರೆ ಅವ್ವ ಸೂಜಿ ಕಸಿದುಕೊಂಡಳು. “ನೀ ಬ್ಯಾಡ. ನೀ ಬಾಳ ತಿಂತಿ” ಎಂದಳು. ಒಳಗೆ ಮಡಚಿ, ಉದ್ದುದ್ದ ಹೊಲಿಗೆ ಹಾಕಿ, ನನ್ನನ್ನು ಕುರ್ಚಿಯ ಮೇಲೆ ನಿಲ್ಲಿಸಿ ಸುತ್ತ ತಿರುಗಿಸಿ ನೋಡಿದಳು.

ಘಟಿಕೋತ್ಸವಕ್ಕೆ ಕೆಳಗಿನ ಮನೆಯಾಕೆಯೂ ಕ್ಯಾಮೆರಾ ಹಿಡಿದು ಬಂದರು. “ಸತ್ತೋಗಿರೋ ರಾಜರು ಕೊನೆಗೂ ಪಾಸ್ ಮಾಡಿಸಿದ್ರಲ್ಲಾ ರೀ!” ಎಂದು ಕೈ ಕುಲುಕಿದರು. ಅವ್ವ ತಾನೇ ಜೋಡಿಸಿದ್ದ ಹಳೆಯ ಇಳಕಲ್ ಸೀರೆ ಉಟ್ಟು ಮೂರನೇ ಸಾಲಿನಲ್ಲಿ ಕೂತಿದ್ದಳು. ವೇದಿಕೆಯಲ್ಲಿ ನನ್ನ ಹೆಸರನ್ನು ಕರೆದವರು ಅದನ್ನು ಯಾವ ಪರಿ ಮುರಿದರೆಂದರೆ ನಾನೇ ಗುರುತು ಹಿಡಿಯಲಿಲ್ಲ, ಹಿಂದಿನವನು ತಳ್ಳಿದ ಮೇಲೆ ನಡೆದೆ. ಅವ್ವ ಗುರುತು ಹಿಡಿದಿದ್ದಳು. ಆಗಲೇ ಎದ್ದು ನಿಂತಿದ್ದಳು.

ಮರುದಿನ ಗೌನು ವಾಪಸು ಕೊಡಬೇಕಿತ್ತು. ಬೆಳಿಗ್ಗೆ ಅವ್ವ ಕಿಟಕಿಯ ಪಕ್ಕ ಕೂತು ಹೊಲಿಗೆ ಒಂದೊಂದಾಗಿ ಬಿಚ್ಚಿದಳು. ಕೊನೆಯ ದಾರ ಎಳೆದಾಗ ಬಟ್ಟೆ ಪೂರ್ತಿ ಉದ್ದಕ್ಕೆ ಇಳಿದು ಅವಳ ಕಾಲು ಮುಚ್ಚಿತು. ಮಡಚಿದ್ದ ಕಡೆ ಒಂದು ಗೆರೆ ಉಳಿದಿತ್ತು.

“ಇಸ್ತ್ರಿ ಹಾಕಲೇನಬೇ? ಗೆರಿ ಹೋಗ್ತೈತಿ” ಎಂದೆ.

“ಇರ್ಲಿ ಬಿಡು” ಎಂದು ಗೌನು ಮಡಚಿ ಚೀಲದಲ್ಲಿ ಇಟ್ಟಳು. “ಮುಂದ ಇದನ್ನ ತೊಡೂ ಹುಡುಗಿ ಗಿಡ್ಡ ಇದ್ರ, ಎಲ್ಲಿ ಮಡಚಬೇಕು ಅಂತ ಆಕಿಗೆ ತಿಳೀತೈತಿ.”